ಪರದೇಶದ ಸಂಬಳ: ಉಳಿತಾಯದ ಲೆಕ್ಕ ಶುರುವಾಗೋದು ಒಂದನೇ ತಾರೀಖಿಗೆ

ಪರದೇಶದಲ್ಲಿ ದುಡಿಯುವ ಬಹಳಷ್ಟು ಜನ ಹೇಳುವ ಮಾತು ಒಂದೇ: "ಸಂಬಳ ಚೆನ್ನಾಗಿದೆ, ಆದರೆ ಕೈಯಲ್ಲಿ ನಿಲ್ಲೋದಿಲ್ಲ." ಇವರು ದುಂದುಗಾರರೇನಲ್ಲ. ಸೆಕೆಂಡ್‌ಹ್ಯಾಂಡ್ ಮೇಜು ಹುಡುಕಿ ತರುತ್ತಾರೆ, ಎರಡು ಸ್ಟಾಪ್ ದೂರಕ್ಕೆ ಬಸ್ಸು ಹತ್ತದೆ ನಡೆದೇ ಹೋಗುತ್ತಾರೆ. ಆದರೂ ವರ್ಷದ ಕೊನೆಗೆ ಖಾತೆ ನೋಡಿದರೆ ಅಲ್ಲಿ ಏನೂ ಇರುವುದಿಲ್ಲ. ಅವರ ಶಿಸ್ತಿನ ಬಗ್ಗೆ ನನಗೆ ಸಂಶಯವಿಲ್ಲ. ಲೆಕ್ಕದ ಕ್ರಮ ತಲೆಕೆಳಗಾಗಿದೆ, ಅಷ್ಟೇ. ಎಲ್ಲ ಖರ್ಚು ಕಳೆದು ಮಿಕ್ಕಿದ್ದನ್ನು ಉಳಿಸೋಣ ಅಂದುಕೊಂಡರೆ ಏನೂ ಮಿಗುವುದಿಲ್ಲ. ಎಷ್ಟು ಉಳಿಯಬೇಕು ಅನ್ನುವುದು ಸಂಬಳ ಬಂದ ದಿನವೇ ತೀರ್ಮಾನವಾಗಿ, ಆ ಹಣ ಅವತ್ತೇ ಖಾತೆಯಿಂದ ಹೊರಗೆ ಹೋಗಿರಬೇಕು. ಉಳಿದದ್ದರಲ್ಲಿ ತಿಂಗಳು ನಡೆಸಬೇಕು. ಇದನ್ನು ಮಾಡೋದು ಹೇಗೆ ಅಂತ ಅಂಕಿಗಳ ಸಮೇತ ನೋಡೋಣ.

ಮೊದಲು ಸರಿಯಾದ ಅಂಕಿ ಹಿಡಿಯಿರಿ

ಕೆಲಸದ ಪತ್ರದಲ್ಲಿ ಬರೆದಿರುವ ಸಂಬಳವನ್ನು ಮರೆತುಬಿಡಿ. ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಎಲ್ಲ ಕಡಿತವಾದ ಮೇಲೆ ಬ್ಯಾಂಕಿಗೆ ಬಂದು ಬೀಳುವ ಮೊತ್ತವೇ ನಿಮ್ಮ ಸಂಬಳ. ಜರ್ಮನಿಯಂಥ ದೇಶಗಳಲ್ಲಿ ಈ ಎರಡು ಅಂಕಿಗಳ ನಡುವೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅಂತರ ಇರಬಹುದು. ಕೊಲ್ಲಿ ದೇಶಗಳಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಅಂತರ ಕಡಿಮೆ. ಆದರೆ ಅಲ್ಲಿ ವಿದೇಶಿ ಕೆಲಸಗಾರರಿಗೆ ಮುಂದೆ ತಿಂಗಳು ತಿಂಗಳು ಬರುವ ಪಿಂಚಣಿಯೂ ಇರುವುದಿಲ್ಲ, ಆ ಉಳಿತಾಯವನ್ನು ನೀವೇ ಮಾಡಿಕೊಳ್ಳಬೇಕು. ಬರೀ ಸಂಬಳದ ಅಂಕಿ ಇಟ್ಟುಕೊಂಡು ಎರಡು ದೇಶಗಳನ್ನು ಹೋಲಿಸುವವರು ಈ ಭಾಗವನ್ನು ಬಿಟ್ಟೇಬಿಡುತ್ತಾರೆ.

ಸಂಬಳ ವರ್ಷಕ್ಕೆ ಎಷ್ಟು ಸಲ ಬರುತ್ತದೆ ಅನ್ನುವುದನ್ನೂ ನೋಡಿ. ಅಮೆರಿಕದಲ್ಲಿ ಬಹಳ ಕಂಪನಿಗಳು ಎರಡು ವಾರಕ್ಕೊಮ್ಮೆ ಕೊಡುತ್ತವೆ. ಅಂದರೆ ವರ್ಷಕ್ಕೆ 26 ಸಂಬಳ. ಹತ್ತು ತಿಂಗಳಲ್ಲಿ ಎರಡೆರಡು ಬರುತ್ತವೆ, ಎರಡು ತಿಂಗಳಲ್ಲಿ ಮೂರು. ತಿಂಗಳ ಖರ್ಚನ್ನು ಎರಡು ಸಂಬಳದಲ್ಲೇ ಕಟ್ಟಿಕೊಂಡರೆ ಆ ಎರಡು ಹೆಚ್ಚುವರಿ ಸಂಬಳ ಇಡಿಯಾಗಿ ಉಳಿತಾಯಕ್ಕೆ ಸಿಗುತ್ತವೆ. ಬ್ರೆಜಿಲ್ ಮತ್ತು ಫಿಲಿಪ್ಪೀನ್ಸ್‌ನಲ್ಲಿ ಹದಿಮೂರನೇ ತಿಂಗಳ ಸಂಬಳ ಕೊಡಬೇಕು ಅಂತ ಕಾನೂನೇ ಇದೆ. ಇಂಥ ಹಣವನ್ನು ತಿಂಗಳ ಬಜೆಟ್ಟಿಗೆ ಸೇರಿಸಬೇಡಿ.

ಒಂದು ತಿಂಗಳು ಬಿಡಿಸಿ ನೋಡೋಣ

ಒಬ್ಬರ ಕೈಗೆ ಬರುವ ಸಂಬಳ, ಆ ದೇಶದ ಹಣದಲ್ಲಿ, 2,800 ಅಂತ ಇಟ್ಟುಕೊಳ್ಳಿ. ಯಾವ ದೇಶ, ಯಾವ ಕರೆನ್ಸಿ ಅನ್ನುವುದು ಇಲ್ಲಿ ಮುಖ್ಯವಲ್ಲ, ಪಾಲು ಮುಖ್ಯ. ಸಂಬಳ ಬಂದ ಮಾರನೇ ದಿನ ಮೂರು ಮೊತ್ತಗಳು ತಾವಾಗೇ ಹೊರಗೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟಿರಬೇಕು. ಉಳಿತಾಯ ಖಾತೆಗೆ 500. ಊರಿಗೆ 400. ವರ್ಷದ ಖರ್ಚುಗಳಿಗಾಗಿ ಇಟ್ಟ ಬೇರೆ ಖಾತೆಗೆ 230. ಈಗ ಉಳಿದದ್ದು 1,670. ಇದರಲ್ಲಿ ಬಾಡಿಗೆ, ಕರೆಂಟು, ನೀರು, ಚಳಿಗಾಲದ ಹೀಟಿಂಗ್ ಸೇರಿ 980. ಫೋನು, ಇಂಟರ್ನೆಟ್ಟಿಗೆ 45. ಬಸ್ಸು ರೈಲಿನ ಪಾಸಿಗೆ 75. ಇವು ತಪ್ಪಿಸಲಾಗದ ಖರ್ಚು, ಒಟ್ಟು 1,100. ಕೊನೆಗೆ ಮಿಕ್ಕಿದ್ದು 570. ದಿನಸಿ, ಸಾಬೂನು, ಕಟಿಂಗ್, ಒಂದು ಸಿನಿಮಾ, ಗೆಳೆಯರ ಜೊತೆಗಿನ ಊಟ ಎಲ್ಲವೂ ಇದರಲ್ಲೇ ಆಗಬೇಕು.

ಈ 570ನ್ನು ವಾರಕ್ಕೆ ಹಂಚುವಾಗ ಬಹುತೇಕ ಎಲ್ಲರೂ ನಾಲ್ಕರಿಂದ ಭಾಗಿಸುತ್ತಾರೆ. ವಾರಕ್ಕೆ 142 ಸಿಗುತ್ತದೆ ಅಂದುಕೊಳ್ಳುತ್ತಾರೆ. ಆದರೆ ತಿಂಗಳಿಗೆ ನಾಲ್ಕೇ ವಾರ ಇರುವುದು ಲೀಪ್ ವರ್ಷವಲ್ಲದ ಫೆಬ್ರವರಿಯಲ್ಲಿ ಮಾತ್ರ. ವರ್ಷಕ್ಕೆ 52 ವಾರ, ಅದನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 4.33 ವಾರ. ಆ ಲೆಕ್ಕದಲ್ಲಿ ವಾರಕ್ಕೆ ಸಿಗುವುದು ಸುಮಾರು 131. ವಾರಕ್ಕೆ ಹನ್ನೊಂದರ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಆದರೆ ನಾಲ್ಕರಿಂದ ಭಾಗಿಸಿದವರು ವರ್ಷದಲ್ಲಿ ಹದಿಮೂರು ತಿಂಗಳ ದುಡ್ಡು ಖರ್ಚು ಮಾಡಿರುತ್ತಾರೆ. 570 ಪೂರ್ತಿ ಕೊರತೆ. "ತಿಂಗಳ ಕೊನೇ ವಾರ ಯಾಕೋ ಬಿಗಿಯಾಗುತ್ತೆ" ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ. ಆದ್ದರಿಂದ ವಾರದ ಹಣವನ್ನು ಬೇರೆ ಕಾರ್ಡಿಗೆ ಹಾಕಿಕೊಳ್ಳಿ, ಪ್ರತಿ ಸೋಮವಾರ 131. ಕಾರ್ಡು ಖಾಲಿಯಾದರೆ ಆ ವಾರ ಮುಗಿಯಿತು. ಪ್ರತಿ ಪೈಸೆಯನ್ನೂ ಬರೆದಿಡಬೇಕಾದ ಕೆಲಸವೇ ಇರುವುದಿಲ್ಲ.

ಬರೆದಿಡುವುದು ಒಗ್ಗುತ್ತದೆ ಅನ್ನುವವರು ಖಂಡಿತ ಬರೆಯಿರಿ. ಜಪಾನಿನಲ್ಲಿ ಹಾನಿ ಮೊಟೊಕೊ ಎಂಬ ಪತ್ರಕರ್ತೆ 1904ರಲ್ಲೇ ಮನೆಖರ್ಚಿನ ಲೆಕ್ಕದ ಪುಸ್ತಕವನ್ನು ಜನರ ಕೈಗೆ ಕೊಟ್ಟರು. ಕಾಕೇಬೊ ಅಂತ ಅದರ ಹೆಸರು. ತಿಂಗಳ ಶುರುವಿನಲ್ಲೇ ಎಷ್ಟು ಉಳಿಸಬೇಕು ಅಂತ ಬರೆದು, ಆಮೇಲೆ ಖರ್ಚಿಗೆ ಇಳಿಯುವುದು ಅದರ ಪದ್ಧತಿ.

ಮೇಲಿನ ಲೆಕ್ಕದಲ್ಲಿರುವ 230ರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಪರದೇಶದ ಬದುಕಿನಲ್ಲಿ ಬಜೆಟ್ ಮುರಿಯುವುದು ಸಾಮಾನ್ಯವಾಗಿ ಇಲ್ಲೇ. ಊರಿಗೆ ಹೋಗಿಬರುವ ವಿಮಾನ ಟಿಕೆಟ್ 1,100. ವೀಸಾ ಅಥವಾ ವಾಸದ ಪರವಾನಗಿ ನವೀಕರಣಕ್ಕೆ 300. ವರ್ಷಕ್ಕೊಮ್ಮೆ ಕಟ್ಟುವ ವಿಮೆ 360. ಚಳಿಯ ಬಟ್ಟೆ, ಬೂಟು, ಮನೆಯ ಸಾಮಾನು 400. ಹಲ್ಲಿನ ಡಾಕ್ಟರು, ಕನ್ನಡಕ 300. ಊರಿಗೆ ಒಯ್ಯುವ ಉಡುಗೊರೆಗಳು 300. ಒಟ್ಟು 2,760, ತಿಂಗಳಿಗೆ 230. ಇವುಗಳಲ್ಲಿ ಒಂದೂ ಅನಿರೀಕ್ಷಿತವಲ್ಲ, ಅಲ್ವಾ? ಎಲ್ಲವೂ ಬರುತ್ತವೆ ಅಂತ ಗೊತ್ತು. ಆದರೂ ಬಂದಾಗ ಕ್ರೆಡಿಟ್ ಕಾರ್ಡ್ ಉಜ್ಜುತ್ತೇವೆ, ಇಲ್ಲವೇ ಉಳಿತಾಯಕ್ಕೆ ಕೈ ಹಾಕುತ್ತೇವೆ. ಈ ಹಣಕ್ಕೆ ಬೇರೆಯೇ ಖಾತೆ ಇದ್ದರೆ ಟಿಕೆಟ್ಟನ್ನು ಕಡಿಮೆ ದರ ಇದ್ದಾಗಲೇ ಕೊಳ್ಳುವ ಸ್ವಾತಂತ್ರ್ಯವೂ ಸಿಗುತ್ತದೆ.

ಹೀಗೆ ಬೇರೆ ಬೇರೆ ಖಾತೆ ಮಾಡುವುದರಿಂದ ಹಣವೇನೂ ಹೆಚ್ಚಾಗುವುದಿಲ್ಲ, ಆದರೂ ಕೆಲಸ ಮಾಡುತ್ತದೆ. ಒಂದೇ ಹಣವನ್ನು ಮನಸ್ಸಿನಲ್ಲಿ ಬೇರೆ ಬೇರೆ ಡಬ್ಬಿಗೆ ಹಾಕಿ, ಒಂದರಿಂದ ತೆಗೆಯಲು ಹಿಂಜರಿಯುವುದು ಮನುಷ್ಯರ ಸ್ವಭಾವ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಈ ಸ್ವಭಾವವನ್ನು ಬಹಳ ವರ್ಷ ಅಧ್ಯಯನ ಮಾಡಿದವರು. "ಟಿಕೆಟ್ ಹಣ" ಅಂತ ಹೆಸರಿಟ್ಟ ಖಾತೆಯಿಂದ ಹೊಸ ಹೆಡ್‌ಫೋನ್ ಕೊಳ್ಳಲು ಕೈ ಬರುವುದಿಲ್ಲ.

ತಲೆಯೊಳಗೆ ನಡೆಯುವ ವಿನಿಮಯ

ಹೊಸದಾಗಿ ಬಂದವರು ಪ್ರತಿ ಬೆಲೆಯನ್ನೂ ಊರಿನ ಹಣಕ್ಕೆ ಗುಣಿಸಿ ನೋಡುತ್ತಾರೆ. ಇದರಿಂದ ಎರಡು ಥರದ ಹಾನಿ ಇದೆ. ಬೇಕಾದ್ದನ್ನೂ ಕೊಳ್ಳದೆ, ಸರಿಯಾಗಿ ಉಣ್ಣದೆ, ಚಳಿಗೆ ತೆಳ್ಳನೆ ಬಟ್ಟೆ ಹಾಕಿಕೊಂಡು ಕಾಯಿಲೆ ಬೀಳುವುದು ಒಂದು. ಇನ್ನೊಂದು ಇದಕ್ಕಿಂತ ಗುಪ್ತವಾದದ್ದು. ಸಂಬಳವನ್ನೂ ಹಾಗೇ ಗುಣಿಸುತ್ತೇವಲ್ಲ, ಆಗ ಮೊತ್ತ ಭಾರಿಯಾಗಿ ಕಾಣುತ್ತದೆ. ಊರಿನಲ್ಲಿ ನಿವೇಶನದ ಕಂತು, ನೆಂಟರ ಮದುವೆಗೆ ಒಪ್ಪಿಕೊಂಡ ಮೊತ್ತ, ಗೆಳೆಯನಿಗೆ ಕೈಸಾಲ, ಎಲ್ಲವೂ ಸಲೀಸು ಅನ್ನಿಸುತ್ತವೆ. ಆದರೆ ಬಾಡಿಗೆ ಕಟ್ಟಬೇಕಾದದ್ದು ದುಡಿಯುವ ದೇಶದ ಹಣದಲ್ಲಿ.

ಗುಣಿಸುವುದನ್ನು ಬಿಟ್ಟು ಗಂಟೆಯಲ್ಲಿ ಅಳೆಯಿರಿ. ವಾರಕ್ಕೆ 40 ಗಂಟೆ ಕೆಲಸ ಅಂದರೆ ತಿಂಗಳಿಗೆ ಸುಮಾರು 173 ಗಂಟೆ. 2,800ನ್ನು ಅದರಿಂದ ಭಾಗಿಸಿದರೆ ಗಂಟೆಗೆ 16. ಅಂಗಡಿಯಲ್ಲಿ 80ರ ಬೂಟು ಕಂಡರೆ ಅದು ಐದು ಗಂಟೆಯ ದುಡಿಮೆ. ಎರಡು ಚಳಿಗಾಲ ಬಾಳುವ ಬೂಟಿಗೆ ಐದು ಗಂಟೆ ಕೊಡಬಹುದು. ಒಂದು ಸಂಜೆಗೆ ಟ್ಯಾಕ್ಸಿಯಲ್ಲಿ ಹೋಗಿ ಬರಲು ಮೂರು ಗಂಟೆ ಕೊಡಬೇಕೇ ಬೇಡವೇ ಅನ್ನುವುದೂ ಇದೇ ಅಳತೆಯಲ್ಲಿ ಸ್ಪಷ್ಟವಾಗುತ್ತದೆ.

ಬಾಡಿಗೆಯ ವಿಷಯದಲ್ಲೂ ಗಂಟೆಯನ್ನು ಮರೆಯಬಾರದು. ಊರಾಚೆ 150 ಕಡಿಮೆ ಬಾಡಿಗೆಗೆ ಮನೆ ಸಿಕ್ಕಿತು ಅನ್ನಿ. ರೈಲಿನ ಪಾಸಿಗೆ 80 ಜಾಸ್ತಿ ಆಯಿತು, ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಹೆಚ್ಚಾಯಿತು. ತಿಂಗಳಿಗೆ 21 ದಿನ ಕೆಲಸ ಅಂದರೆ 42 ಗಂಟೆ ಕೊಟ್ಟು ಉಳಿಸಿದ್ದು ಬರೀ 70. ಇದನ್ನು ಮಿತವ್ಯಯ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದರ ಬದಲು ಕೆಲಸದ ಹತ್ತಿರವೇ ಇನ್ನೊಬ್ಬರ ಜೊತೆ ಮನೆ ಹಂಚಿಕೊಂಡರೆ ಬಾಡಿಗೆಯ ಜೊತೆ ಇಂಟರ್ನೆಟ್ಟು, ಹೀಟಿಂಗ್ ಖರ್ಚೂ ಒಟ್ಟಿಗೇ ಇಳಿಯುತ್ತದೆ. ಹನಿ ಹನಿ ಗೂಡಿದರೆ ಹಳ್ಳ ಅನ್ನುವುದು ನಿಜ, ಆದರೆ ಬಾಡಿಗೆಯೊಂದೇ ಸಂಬಳದ ಮೂರನೇ ಒಂದು ಭಾಗ ನುಂಗುವಾಗ ಮೊದಲು ಅದರ ಬಗ್ಗೆ ಯೋಚಿಸಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಬಾಡಿಗೆಯಲ್ಲಿ ಏನೇನು ಸೇರಿದೆ ಅಂತ ಕೇಳಿ. ಜರ್ಮನಿಯಲ್ಲಿ "ತಣ್ಣನೆಯ ಬಾಡಿಗೆ", "ಬೆಚ್ಚನೆಯ ಬಾಡಿಗೆ" ಅಂತ ಎರಡು ಲೆಕ್ಕಗಳಿವೆ. ಮೊದಲನೆಯದರಲ್ಲಿ ಹೀಟಿಂಗ್ ಮತ್ತು ಕಟ್ಟಡದ ಇತರ ವೆಚ್ಚ ಸೇರಿರುವುದಿಲ್ಲ. ಎರಡನೆಯದರಲ್ಲೂ ಕರೆಂಟು ಸಾಮಾನ್ಯವಾಗಿ ಇರುವುದಿಲ್ಲ.

ಮನೆ ಹಿಡಿಯುವಾಗ ಕೊಡುವ ಅಡ್ವಾನ್ಸನ್ನು ಖರ್ಚು ಅಂತ ಬರೆಯಬೇಡಿ, ಅದು ಬೇರೆಯವರ ಹತ್ತಿರ ಇರುವ ನಿಮ್ಮ ಹಣ. ಜರ್ಮನಿಯಲ್ಲಿ ಹೆಚ್ಚೆಂದರೆ ಮೂರು ತಿಂಗಳ ತಣ್ಣನೆಯ ಬಾಡಿಗೆಯಷ್ಟು ಕೇಳಬಹುದು. ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆಯ ಮನೆಗಳಿಗೆ 2019ರಿಂದ ಐದು ವಾರದ ಬಾಡಿಗೆಯೇ ಮಿತಿ. ಮನೆಗೆ ಕಾಲಿಟ್ಟ ದಿನವೇ ಗೋಡೆ, ನೆಲ, ಬಾತ್‌ರೂಮು, ಕಿಟಕಿಗಳ ಫೋಟೋ ತೆಗೆದು ಮಾಲೀಕರಿಗೆ ಇಮೇಲ್ ಮಾಡಿಡಿ. ಮನೆ ಬಿಡುವಾಗ "ಈ ಕಲೆ ನಿಮ್ಮದೇ" ಅಂತ ಯಾರಾದರೂ ಹೇಳಿದರೆ ಆ ಫೋಟೋಗಳೇ ಸಾಕ್ಷಿ.

ಊರಿಗೆ ಕಳಿಸುವ ಹಣ

ಹಣ ಕಳಿಸುವುದಕ್ಕೆ ಎರಡು ಬೆಲೆ ಇರುತ್ತದೆ. ಒಂದು ಕಾಣುವ ಶುಲ್ಕ. ಇನ್ನೊಂದು ವಿನಿಮಯ ದರದೊಳಗೆ ಅಡಗಿರುವ ಲಾಭ. ಬ್ಯಾಂಕುಗಳು ತಮ್ಮ ತಮ್ಮಲ್ಲಿ ಕೊಳ್ಳುವ ಮತ್ತು ಮಾರುವ ದರಗಳ ನಡುಮಧ್ಯದ ದರವೊಂದಿದೆ. ಅಂತರ್ಜಾಲದಲ್ಲಿ ಹುಡುಕಿದಾಗ ಕಾಣುವುದು ಸಾಮಾನ್ಯವಾಗಿ ಅದೇ. ನಿಮಗೆ ಕೊಡುವ ದರ ಅದಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟು ನಿಮ್ಮ ಜೇಬಿನಿಂದ ಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. ನಡುಮಧ್ಯದ ದರ ಒಂದಕ್ಕೆ 90 ರೂಪಾಯಿ ಅಂತ ಇಟ್ಟುಕೊಳ್ಳಿ. ನೀವು ಕಳಿಸುವುದು 400. ಏನೂ ಕಳೆಯದಿದ್ದರೆ ಊರಿನಲ್ಲಿ 36,000 ಸಿಗಬೇಕು. ಒಂದು ಕಂಪನಿ "ಶುಲ್ಕವೇ ಇಲ್ಲ" ಅನ್ನುತ್ತದೆ, 88ರ ದರ ಕೊಡುತ್ತದೆ. ಮನೆಗೆ ತಲುಪುವುದು 35,200. ಇನ್ನೊಂದು ಕಂಪನಿ 4 ಶುಲ್ಕ ಹಿಡಿದು ಉಳಿದ 396ಕ್ಕೆ 89.7ರ ದರ ಕೊಡುತ್ತದೆ. ತಲುಪುವುದು 35,521. ಶುಲ್ಕವಿಲ್ಲ ಅಂದವರೇ ದುಬಾರಿಯಾದರು. ವರ್ಷಕ್ಕೆ ಹನ್ನೆರಡು ಸಲ ಕಳಿಸಿದರೆ ವ್ಯತ್ಯಾಸ 3,800 ದಾಟುತ್ತದೆ. ಹಾಗಾಗಿ ಹೋಲಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ನಾನು ಇಷ್ಟು ಕೊಟ್ಟರೆ, ಆ ಕಡೆ ಕೈಗೆ ಎಷ್ಟು ಸೇರುತ್ತದೆ?

200 ಡಾಲರ್ ಕಳಿಸಲು ಜಗತ್ತಿನಾದ್ಯಂತ ಸರಾಸರಿ ಎಷ್ಟು ಖರ್ಚಾಗುತ್ತದೆ ಅಂತ ವಿಶ್ವ ಬ್ಯಾಂಕ್ ನಿರಂತರವಾಗಿ ಲೆಕ್ಕ ಇಡುತ್ತದೆ. ಕೆಲವು ವರ್ಷಗಳಿಂದ ಅದು ಶೇ. 6ರ ಆಸುಪಾಸಿನಲ್ಲೇ ಇದೆ. 2030ರೊಳಗೆ ಅದನ್ನು ಶೇ. 3ಕ್ಕಿಂತ ಕೆಳಗೆ ತರಬೇಕು ಅನ್ನುವುದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಒಂದು. ಕಷ್ಟಪಟ್ಟು ದುಡಿದವರ ಹಣದಿಂದ ದಾರಿಯಲ್ಲೇ ಇಷ್ಟು ಸೋರುವುದು ಸಣ್ಣ ಅನ್ಯಾಯವಲ್ಲ. ಬ್ಯಾಂಕಿನ ಮೂಲಕ ಕಳಿಸಿದರೆ ನಡುವೆ ಒಂದೆರಡು ಬೇರೆ ಬ್ಯಾಂಕುಗಳು ಕೈ ಹಾಕುವುದುಂಟು, ಅವೂ ತಮ್ಮ ಪಾಲು ಕಡಿದುಕೊಳ್ಳುತ್ತವೆ. ಅದಕ್ಕೇ ಕಳಿಸಿದಷ್ಟು ತಲುಪುವುದಿಲ್ಲ.

ಶುಲ್ಕ ಪ್ರತಿ ಸಲಕ್ಕೆ ಇಂತಿಷ್ಟು ಅಂತ ಇದ್ದರೆ ವಾರಕ್ಕೊಮ್ಮೆ ನೂರು ನೂರು ಕಳಿಸುವ ಬದಲು ತಿಂಗಳಿಗೆ ಒಂದೇ ಸಲ ಕಳಿಸಿ. ದರ ಏರಲಿ ಅಂತ ತಿಂಗಳುಗಟ್ಟಲೆ ಕಾಯುವುದು ಬೇಡ. ನಾಳೆಯ ದರ ಯಾರಿಗೂ ಗೊತ್ತಿಲ್ಲ, ಪ್ರತಿ ತಿಂಗಳು ಒಂದೇ ತಾರೀಖಿಗೆ ಕಳಿಸಿದರೆ ಏರಿಳಿತ ತಾನಾಗೇ ಸರಾಸರಿಗೆ ಬರುತ್ತದೆ. ಲೈಸೆನ್ಸ್ ಇಲ್ಲದವರ ಕೈಯಲ್ಲಿ ಹಣ ಕೊಡಬೇಡಿ. ಬಹಳ ದೇಶಗಳಲ್ಲಿ ಅದು ಅಪರಾಧ, ಹಣ ಮುಳುಗಿದರೆ ದೂರು ಕೊಡುವಂತೆಯೂ ಇಲ್ಲ. ಇದೇ ಸೋರಿಕೆಯ ಚಿಕ್ಕ ರೂಪ ಅಂಗಡಿಯಲ್ಲೂ ಇದೆ. ಊರಿನ ಬ್ಯಾಂಕಿನ ಕಾರ್ಡ್ ಬಳಸಿದಾಗ ಯಂತ್ರ "ನಿಮ್ಮ ದೇಶದ ಹಣದಲ್ಲಿ ಪಾವತಿಸುತ್ತೀರಾ" ಅಂತ ಕೇಳುತ್ತದೆ. ಬೇಡ ಅನ್ನಿ, ಸ್ಥಳೀಯ ಹಣವನ್ನೇ ಆರಿಸಿ. ಹೂಂ ಅಂದರೆ ದರ ನಿರ್ಧರಿಸುವುದು ಆ ಯಂತ್ರದ ಹಿಂದಿರುವವರು. ಅದು ಸಾಮಾನ್ಯವಾಗಿ ದುಬಾರಿ.

ಎಷ್ಟು ಕಳಿಸಬೇಕು ಅನ್ನುವುದು ಇದಕ್ಕಿಂತ ಕಷ್ಟದ ಪ್ರಶ್ನೆ, ಲೆಕ್ಕಕ್ಕಿಂತ ಮನಸ್ಸಿಗೆ ಸಂಬಂಧಪಟ್ಟದ್ದು. ಮನೆಯವರಿಗೆ ಗುಣಿಸಿದ ಸಂಬಳ ಮಾತ್ರ ಗೊತ್ತಿರುತ್ತದೆ, ಬಾಡಿಗೆ ಎಷ್ಟು ಅಂತ ಗೊತ್ತಿರುವುದಿಲ್ಲ. ಮೇಲಿನ ಲೆಕ್ಕವನ್ನು, 2,800ರಿಂದ 570ರವರೆಗೆ, ಅವರ ಮುಂದೆ ಬಿಡಿಸಿಡಿ. ಅಪ್ಪ ಅಮ್ಮನಿಗೆ ಇದನ್ನೆಲ್ಲ ಹೇಳಬಾರದು ಅಂತ ಎಷ್ಟೋ ಮಕ್ಕಳು ನುಂಗಿಕೊಳ್ಳುತ್ತಾರೆ. ಹೇಳಿದರೆ ಅರ್ಥವಾಗುತ್ತದೆ. ಪ್ರತಿ ತಿಂಗಳು ಇಷ್ಟು ಖಚಿತ ಅಂತ ಗೊತ್ತಾದರೆ ಅವರಿಗೂ ಮನೆ ನಡೆಸುವುದು ಸುಲಭ. ಆಸ್ಪತ್ರೆಯಂಥ ತುರ್ತಿಗೆ ಬೇರೆಯೇ ಒಂದಿಷ್ಟು ಹಣ ಊರಿನ ಖಾತೆಯಲ್ಲೇ ಇರಲಿ. ಆಗ ನಡುರಾತ್ರಿ ಫೋನ್ ಬಂದರೆ ಸಿಕ್ಕ ದರಕ್ಕೆ ಹಣ ಕಳಿಸುವ ಪರದಾಟ ಇರುವುದಿಲ್ಲ.

ಕೆಲಸ ಹೋದರೆ

ಸ್ವಂತ ದೇಶದಲ್ಲಿ ಕೆಲಸ ಹೋದರೆ ಸಂಬಳ ಮಾತ್ರ ಹೋಗುತ್ತದೆ. ಪರದೇಶದಲ್ಲಿ ಎಷ್ಟೋ ಸಲ ಇರುವ ಹಕ್ಕೇ ಹೋಗುತ್ತದೆ. ಅಮೆರಿಕದ ಎಚ್-1ಬಿ ವೀಸಾದವರಿಗೆ ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನ ಅವಕಾಶ. ಅಷ್ಟರಲ್ಲಿ ಬೇರೆ ಕಂಪನಿ ಅಥವಾ ಬೇರೆ ವೀಸಾದ ದಾರಿ ಹುಡುಕಬೇಕು, ಇಲ್ಲವೇ ಹೊರಡಬೇಕು. ಆದರೆ ಮನೆ ಒಪ್ಪಂದ ಅಷ್ಟು ಬೇಗ ಮುಗಿಯುವುದಿಲ್ಲ. ಜರ್ಮನಿಯಲ್ಲಿ ಮನೆ ಬಿಡಲು ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್ ಕೊಡಬೇಕು.

ಹಾಗಾಗಿ ಆಪತ್ತಿನ ಹಣದಲ್ಲಿ ಮೂರು ತಿಂಗಳ ಪೂರ್ತಿ ಖರ್ಚು ಮತ್ತು ತಕ್ಷಣ ಹೊರಡುವ ಟಿಕೆಟ್ಟು ಎರಡೂ ಸೇರಿರಬೇಕು. ನಮ್ಮ ಉದಾಹರಣೆಯಲ್ಲಿ ತಿಂಗಳ ಖರ್ಚು 1,100 ಮತ್ತು 570 ಸೇರಿ 1,670. ಮೂರು ತಿಂಗಳಿಗೆ 5,010. ಟಿಕೆಟ್ಟಿಗೆ ಸಾವಿರ. ಸುಮಾರು 6,000 ಆಯಿತು. ತಿಂಗಳಿಗೆ 500ರಂತೆ ಒಂದು ವರ್ಷದ ಕೆಲಸ. ಮೊದಲ ವರ್ಷದ ಉಳಿತಾಯವೆಲ್ಲ ಇದಕ್ಕೇ ಹೋಗಲಿ, ಷೇರು, ನಿವೇಶನ ಎಲ್ಲ ಆಮೇಲೆ. ಈ ಹಣ ದುಡಿಯುವ ದೇಶದ ಕರೆನ್ಸಿಯಲ್ಲೇ ಇರಬೇಕು, ಬೇಕೆಂದ ದಿನ ಸಿಗುವಂತಿರಬೇಕು. ಬ್ಯಾಂಕು ಮುಳುಗಿದರೂ ಠೇವಣಿಗೆ ಸರ್ಕಾರದ ವ್ಯವಸ್ಥೆಯಡಿ ರಕ್ಷಣೆ ಇದೆಯೇ ಅಂತಲೂ ನೋಡಿಕೊಳ್ಳಿ. ಐರೋಪ್ಯ ಒಕ್ಕೂಟದಲ್ಲಿ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 1,00,000 ಯೂರೋವರೆಗೆ, ಅಮೆರಿಕದಲ್ಲಿ 2,50,000 ಡಾಲರ್‌ವರೆಗೆ ರಕ್ಷಣೆ ಇದೆ.

ಆರೋಗ್ಯ ವಿಮೆಯಲ್ಲಿ ಉಳಿಸಲು ಹೋಗಬೇಡಿ. ಇಡೀ ಬಜೆಟ್ಟಿನಲ್ಲಿ ಕತ್ತರಿ ಆಡಿಸಬಾರದ ಜಾಗ ಅದೊಂದು. ಒಂದು ಆಪರೇಷನ್ನಿನ ಬಿಲ್ಲು ಐದು ವರ್ಷದ ಉಳಿತಾಯವನ್ನು ಒಂದೇ ವಾರದಲ್ಲಿ ಮುಗಿಸಬಲ್ಲದು.

ಆಪತ್ತಿನ ಹಣ ತುಂಬಿದ ಮೇಲೆ ತಿಂಗಳ 500 ಎಲ್ಲಿಗೆ ಹೋಗಬೇಕು? ಊರಿನಲ್ಲಿ ಶೇ. 11ರ ಬಡ್ಡಿಯ ಸಾಲ ಇದ್ದರೆ ಮೊದಲು ಅದನ್ನು ತೀರಿಸಿ. ಶೇ. 3 ಕೊಡುವ ಠೇವಣಿಯಲ್ಲಿ ಹಣ ಇಟ್ಟುಕೊಂಡು ಆ ಸಾಲ ಹೊರುವುದು ಪ್ರತಿ ತಿಂಗಳ ನಷ್ಟ. ಸಾಲವಿಲ್ಲದಿದ್ದರೆ, ಹಣವನ್ನು ಮುಂದೆ ಎಲ್ಲಿ ಖರ್ಚು ಮಾಡುತ್ತೀರೋ ಆ ದೇಶದ ಕರೆನ್ಸಿಯಲ್ಲಿ ಉಳಿಸುವುದು ಕ್ಷೇಮ. ಎರಡು ದೇಶಗಳಲ್ಲಿ ಖಾತೆ ಇದ್ದರೆ ತೆರಿಗೆಯ ನಿಯಮವನ್ನು ಮೊದಲೇ ತಿಳಿದುಕೊಳ್ಳಿ. ಉದಾಹರಣೆಗೆ ಅಮೆರಿಕದ ತೆರಿಗೆ ನಿವಾಸಿಗಳು ಹೊರದೇಶದ ಖಾತೆಗಳಲ್ಲಿ ಇರುವ ಒಟ್ಟು ಹಣ ವರ್ಷದ ಯಾವ ದಿನವಾದರೂ 10,000 ಡಾಲರ್ ದಾಟಿದರೆ ಅದನ್ನು ಸರ್ಕಾರಕ್ಕೆ ತಿಳಿಸಬೇಕು. ತೆರಿಗೆ ಬಾಕಿ ಇಲ್ಲದಿದ್ದರೂ ತಿಳಿಸದಿದ್ದಕ್ಕೆ ದಂಡ ಬೀಳಬಹುದು.

ಸಂಬಳ ಏರಿದಾಗ, ದೇಶ ಬಿಡುವಾಗ

ಸಂಬಳ ಏರಿದ ತಿಂಗಳೇ ಖರ್ಚೂ ಏರುತ್ತದೆ. ಇದನ್ನು ತಡೆಯಲು ಥೇಲರ್ ಮತ್ತು ಶ್ಲೊಮೊ ಬೆನಾರ್ಟ್ಜಿ ಒಂದು ಉಪಾಯ ಮಾಡಿದರು. ಮುಂದಿನ ಸಲ ಸಂಬಳ ಏರಿದಾಗ ಏರಿಕೆಯ ಒಂದು ಭಾಗ ಉಳಿತಾಯಕ್ಕೆ ಹೋಗಲಿ ಅಂತ ನೌಕರರು ಮುಂಚೆಯೇ ಒಪ್ಪಿಕೊಳ್ಳುವುದು. 2004ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ, ಮೊದಲು ಇದನ್ನು ಜಾರಿಗೆ ತಂದ ಕಂಪನಿಯಲ್ಲಿ ಒಪ್ಪಿಕೊಂಡವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ ಶೇ. 13.6ಕ್ಕೆ ಏರಿತ್ತು. ಕೈಗೆ ಬರುವ ಹಣ ಕಡಿಮೆ ಆದಂತೆ ಅನ್ನಿಸದ ಕಾರಣ ಹೆಚ್ಚಿನವರು ನಡುವೆ ಬಿಡದೆ ಮುಂದುವರಿಸಿದರು. ನೀವೂ ಹಾಗೇ ಮಾಡಬಹುದು. ಏರಿಕೆ 120 ಆದರೆ ಬ್ಯಾಂಕಿನ ಸೂಚನೆಯಲ್ಲಿ 500 ಇದ್ದದ್ದನ್ನು ಅವತ್ತೇ 560 ಮಾಡಿ. ಉಳಿದ 60ನ್ನು ಮನಸಾರೆ ಖರ್ಚು ಮಾಡಿ.

ಕೊನೆಯದಾಗಿ, ಸಂಬಳದಿಂದ ಕಡಿತವಾದ ಹಣದಲ್ಲಿ ಸ್ವಲ್ಪ ವಾಪಸ್ಸು ಬರುವುದೂ ಇದೆ. ಬಹಳ ಜನ ಕೇಳುವುದೇ ಇಲ್ಲ, ಅದಕ್ಕೇ ಕಳೆದುಕೊಳ್ಳುತ್ತಾರೆ. ಜಪಾನಿನಲ್ಲಿ ಕನಿಷ್ಠ ಆರು ತಿಂಗಳು ಪಿಂಚಣಿ ಕಟ್ಟಿದ ವಿದೇಶಿಯರು ದೇಶ ಬಿಟ್ಟ ಎರಡು ವರ್ಷದೊಳಗೆ ಅರ್ಜಿ ಹಾಕಿದರೆ ಒಂದು ಮೊತ್ತ ಸಿಗುತ್ತದೆ. ಆಸ್ಟ್ರೇಲಿಯದಲ್ಲಿ ತಾತ್ಕಾಲಿಕ ವೀಸಾದಲ್ಲಿ ಇದ್ದವರು ಹೊರಟ ಮೇಲೆ ತಮ್ಮ ಹೆಸರಿನ ನಿವೃತ್ತಿ ನಿಧಿಯನ್ನು, ತೆರಿಗೆ ಕಳೆದು, ಪಡೆಯಬಹುದು. ಯುಎಇಯಲ್ಲಿ ಒಂದು ವರ್ಷ ಪೂರೈಸಿದವರಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ ಇದೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲಿನ ವರ್ಷಗಳಿಗೆ 30 ದಿನದ್ದು. ಆದರೆ ಇದು ಮೂಲ ವೇತನದ ಮೇಲೆ ಮಾತ್ರ. ಮನೆ ಭತ್ಯೆ, ಓಡಾಟದ ಭತ್ಯೆ ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ಒಪ್ಪಿಕೊಳ್ಳುವಾಗಲೇ ಮೂಲ ವೇತನ ಎಷ್ಟು ಅಂತ ನೋಡಬೇಕಾದದ್ದು ಇದಕ್ಕೇ.

ಇವನ್ನೆಲ್ಲ ಕೇಳಲು ಕಾಗದ ಬೇಕು. ಎಲ್ಲ ತಿಂಗಳ ಪೇ ಸ್ಲಿಪ್, ಕೆಲಸದ ಒಪ್ಪಂದ, ಪಿಂಚಣಿ ಸಂಖ್ಯೆ, ವರ್ಷದ ತೆರಿಗೆ ಪತ್ರಗಳನ್ನು ಬಂದ ಬಂದ ಹಾಗೆ ನಿಮ್ಮ ಸ್ವಂತ ಇಮೇಲಿಗೆ ಕಳಿಸಿಕೊಳ್ಳಿ. ಕಂಪನಿಯ ಇಮೇಲ್ ಕೆಲಸ ಬಿಟ್ಟ ದಿನವೇ ಬಂದ್ ಆಗುತ್ತದೆ. ಆ ದೇಶದ ಬ್ಯಾಂಕ್ ಖಾತೆಯನ್ನೂ ಅವಸರದಲ್ಲಿ ಮುಚ್ಚಬೇಡಿ. ಮನೆಯ ಅಡ್ವಾನ್ಸ್, ತೆರಿಗೆಯ ಮರುಪಾವತಿ, ಕೊನೆಯ ಕರೆಂಟು ಬಿಲ್ಲಿನಲ್ಲಿ ಹೆಚ್ಚಾಗಿ ಕಟ್ಟಿದ ಹಣ ಬರುವುದು ನೀವು ಹೊರಟು ಎಷ್ಟೋ ತಿಂಗಳಾದ ಮೇಲೆ, ಮತ್ತು ಬರುವುದು ಆ ಖಾತೆಗೇ.